ಎರವಲು ಕಂಪ್ಯೂಟರ್

ಕಳೆದ ಸೋಮವಾರ ಬೆಳಿಗ್ಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಪಕ್ಕದ ಮನೆಯ ಅಕ್ಕ ತೀರಿಕೊಂಡಳು. ತಿರುಪ್ಪೂರಿನ ಬನಿಯನ್ ಕಂಪನಿಗಳ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಸಂಸ್ಥೆಯೊಂದನ್ನು ಕಟ್ಟಿದವಳು. ಅವಳ ಸಾವಿನ ಸುದ್ದಿ, ಸಂಸ್ಥೆಯ ಹಿನ್ನೆಲೆ ಬರೆಯುವ ಕೆಲಸ ನಮ್ಮ ಪತ್ರಿಕೆಯಲ್ಲಿ ನನ್ನ ಪಾಲಿಗೇ ಬಂತು.

ಅಟ್ಟದಿಂದ ಹಳೆಯ ಕೀಬೋರ್ಡ್ ಇಳಿಸಿ ಮಗುಚಿದೆ. ಸಂದಿಗಳಿಂದ ಹತ್ತಿಯ ಧೂಳು ಉದುರಿತು. ಮಗ್ಗದ ಎಣ್ಣೆಯ ವಾಸನೆ ಇನ್ನೂ ಇತ್ತು... ಸಂಸ್ಥೆಯ ವೆಬ್‌ಸೈಟಿನಲ್ಲಿ ‘ಕರುಮತ್ತಂಪಟ್ಟಿಯ ಮಗ್ಗದ ಮನೆಯಲ್ಲಿ, ಎರವಲು ಕಂಪ್ಯೂಟರಿನಲ್ಲಿ ಆರಂಭ’ ಎಂದಿದೆ. ಆ ಕಂಪ್ಯೂಟರ್ ನನ್ನದು. ಕೆಳಗಿನ ಫೋಟೊದಲ್ಲಿ ಇಬ್ಬರು ಸಂಸ್ಥಾಪಕರು: ಅಕ್ಕ, ಮತ್ತು ಅವಳ ಹಳೆಯ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಕುನ್ನತ್ತೂರಿನವನು. ಆ ಫೋಟೊವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಅಕ್ಕನನ್ನಲ್ಲ, ಅವನು ನಿಂತ ಜಾಗವನ್ನು.

ಸಂಸ್ಥೆ ಕಟ್ಟುವ ಮೊದಲು ಅವಳು ಬನಿಯನ್ ರಫ್ತು ಮಾಡುವ ಕಂಪನಿಯಲ್ಲಿದ್ದಳು. ಅಲ್ಲಿನ ಹೊಸ ಡಿಸೈನುಗಳು ವಿದೇಶದ ಗಿರಾಕಿಗೆ ಮುಟ್ಟುವ ಮೊದಲೇ ಬೇರೆ ಕಂಪನಿಯ ಕೈಸೇರುತ್ತಿದ್ದವು. ಯಾರೋ ತಮ್ಮ ಮೇಲ್ ಓದುತ್ತಿದ್ದಾರೆಂದು ಮಾಲೀಕರಿಗೆ ಅನುಮಾನ. ತೆರೆಯಲು ಆಗುತ್ತದೆಯೇ ನೋಡು ಎಂದು ಅವಳಿಗೇ ಹೇಳಿದ್ದರು. ಅವರೂ ನಮ್ಮಂತೆ ಮನೆಯೊಳಗೆ ಕನ್ನಡ ಆಡುವ ನೇಕಾರರು. ಒಂದು ಭಾನುವಾರ ಮಧ್ಯಾಹ್ನ ಅಕ್ಕ ಬಂದು ನನ್ನ ಕಂಪ್ಯೂಟರಿನ ಮುಂದೆ ಕೂತಳು.

ಸುಳಿವು ಕೊಟ್ಟವನು ನಾನು. ಮಗ್ಗವಾಗಲಿ ಸ್ಕೂಟರಾಗಲಿ, ನಮ್ಮ ಜನ ಕುಲದೇವಿಯ ಹೆಸರಿಡದೆ ಯಾವುದನ್ನೂ ಶುರು ಮಾಡುವುದಿಲ್ಲ. “ಪಾಸ್‌ವರ್ಡಿಗೂ ಅಮ್ಮನ ಹೆಸರೇ ಇಕ್ಕಿರ್ತಾರೆ ಅಕ್ಕಾ,” ಎಂದೆ. ದೇವಿಯನ್ನು ನಾವು ಮನೆಯಲ್ಲಿ ಕರೆಯುವ ಹೆಸರು, ಅದರ ಪಕ್ಕ ಮಾಲೀಕರ ಮನೆಯ ಮಗ್ಗಗಳ ಸಂಖ್ಯೆ. ಎರಡನೇ ಸಲಕ್ಕೆ ತೆರೆಯಿತು.

“ತಮಿಳರಿಗೆ ತಿಳೀದು ಅಂತ ಊರೆಲ್ಲಾ ಒಂದೇ ಬೀಗ ಹಾಕವ್ರೆ ಡಾ!” ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನತ್ತ ತಿರುಗಿ, “ಪೇಪರ್ ಸಾರ್, ತಮ್ಮದೂ?”

ನಾನು ಬಾಯಿ ತೆರೆಯುವುದರೊಳಗೆ ಅದೇ ಹೆಸರು, ನಮ್ಮ ನಾಲ್ಕು ಮಗ್ಗ. ನನ್ನ ಮೇಲ್ ತೆರೆದುಕೊಂಡಿತು. ನನ್ನನ್ನು ನಂಬಿ ಗುಟ್ಟಾಗಿ ಸುದ್ದಿ ಕೊಡುತ್ತಿದ್ದವರ ಹೆಸರುಗಳೆಲ್ಲ ಅದರಲ್ಲಿದ್ದವು.

“ಇದನ್ನೇ ತೊಳಿಲ್ ಮಾಡ್ಕಳ್ಳಾಣಾ ತಮ್ಮಾ? ನೀನೂ ನಾನೂ ಸೇರಿ ಒಂದು ಕಂಪನಿ?”

“ಕಳ್ಳತನಕ್ಕೆ ಕಂಪನಿ ಬೇರೆ ಕೇಡು,” ಎಂದೆ. ಅವಳ ನಗು ನಿಂತಿತು. ಮುಂದಿನ ವಾರ ಅವಳು ಕುನ್ನತ್ತೂರಿನವನನ್ನು ಕೇಳಿದಳು. ಅವನು ಒಪ್ಪಿದ.

ಅವರು ಕೊಯಮತ್ತೂರಿನಲ್ಲಿ ದೊಡ್ಡ ಕಚೇರಿ ತೆರೆದಾಗ ಸುದ್ದಿ ನನ್ನ ಮೇಜಿಗೆ ಬಂತು. ನಾಲ್ಕು ಸಾಲಿಗೆ ಇಳಿಸಿದೆ. ಪುಟದಲ್ಲಿ ಜಾಗವಿಲ್ಲ ಎಂದು ಅವಳಿಗೆ ಹೇಳಿದೆ. ಜಾಗವಿತ್ತು. ಆ ವರ್ಷದ ದೀಪಾವಳಿಗೂ ಎಂದಿನಂತೆ ಅವಳ ಮನೆಯಿಂದ ಕಜ್ಜಾಯ ಬಂತು.

ಮಂಗಳವಾರ ವಿವರ ಕೇಳಲು ಕುನ್ನತ್ತೂರಿನವನಿಗೆ ಫೋನ್ ಮಾಡಿದೆ. ಅಳುತ್ತಿದ್ದ. ಎಲ್ಲ ಬರೆದುಕೊಂಡ ಮೇಲೆ, ಆ ಎರವಲು ಕಂಪ್ಯೂಟರ್ ಯಾರದು ಎಂದು ಕೇಳಿದೆ. ಅವನು ಹೇಳಿದರೆ ನನ್ನ ಹೆಸರು ಬರೆಯಬಹುದಿತ್ತು.

“ತಿಳೀದಣ್ಣಾ. ಎಷ್ಟು ಕೇಳಿದ್ರೂ ಅಕ್ಕ ಹೇಳಲಿಲ್ಲ. ‘ಅವನ್ನ ಕೇಳದೇನೇ ಅವನ ಬೀಗ ತೆಗೆದುಬಿಟ್ಟೆ, ಹೊರಗೆ ತಿಳಿದ್ರೆ ಅವನ ವೇಲೆಗೇ, ಸಂಬಳಕ್ಕೇ ಕುತ್ತು’ ಅಂದ್ರು. ನಮ್ಮ ಆಫೀಸಿನ ಮೊದಲ್ನೇ ರೂಲು ಅದೇ ಅಣ್ಣಾ. ಯಾರ ಬೀಗ ತೆಗೆದ್ರೂ ಹೆಸರು ಆಚೆ ಬರಬಾರದು.”

ಕೀಬೋರ್ಡನ್ನು ಮತ್ತೆ ಅಟ್ಟಕ್ಕೇರಿಸಿದೆ. ಅಕ್ಕನ ಮನೆಯ ಬಾಗಿಲು ಹಾಕಿತ್ತು.

ಬುಧವಾರದ ಪತ್ರಿಕೆಯಲ್ಲಿ ಸುದ್ದಿ ಅರ್ಧ ಪುಟ ಬಂದಿದೆ. ಸಂಸ್ಥಾಪಕರು ಇಬ್ಬರು. ಕಂಪ್ಯೂಟರ್ ಎರವಲಿನದು.