ಬೂದಿಯಲ್ಲಿ ತಿಕ್ಕಿದ ಬಣ್ಣದ ಪೆಟ್ಟಿಗೆ

ಆಗ ನನಗೆ ಇಪ್ಪತ್ತೆರಡು ವರ್ಷ. ಅದಾಗಿ ನಲವತ್ತನಾಲ್ಕು ವರ್ಷವಾಯಿತು. ನಾದಿನಿ ಸುಶೀಲೆಯ ಬಣ್ಣದ ಪೆಟ್ಟಿಗೆಯನ್ನು ಪಾತ್ರೆಗಳ ಜೊತೆ ಹಾಕಿಕೊಂಡು ತಿಕ್ಕಿ ತೊಳೆದೆ. ಇದು ಎಲ್ಲರಿಗೂ ಗೊತ್ತು. ನೆಂಟರು ಸೇರಿದಾಗ ಈಗಲೂ ಹೇಳಿಕೊಂಡು ನಗುತ್ತಾರೆ. ಗೊತ್ತಿಲ್ಲದ್ದು ಒಂದಿದೆ — ತಿಳಿಯದೆ ತೊಳೆದದ್ದಲ್ಲ. ತಿಳಿದೇ ತೊಳೆದೆ.

ಕೊತ್ತತ್ತಿಯ ನಮ್ಮ ಮನೆಗೆ ಆ ಪೆಟ್ಟಿಗೆ ಬಂದದ್ದು ಸರ್ಕಾರದ ಬೇಸಾಯದ ಫಾರಂನಿಂದ. ಭತ್ತದ ತೆನೆ, ರೋಗ ಬಿದ್ದ ಕಬ್ಬಿನ ಎಲೆ, ಇಂಥವುಗಳ ಚಿತ್ರ ಬರೆಯುವ ವಯಸ್ಸಾದ ಮೇಷ್ಟ್ರೊಬ್ಬರು ಅಲ್ಲಿದ್ದರು. ಕೆಲಸ ಬಿಡುವಾಗ ತಮ್ಮ ಜಾಗಕ್ಕೆ, ತಮ್ಮ ಹತ್ತಿರ ಚಿತ್ರ ಕಲಿಯುತ್ತಿದ್ದ ಸುಶೀಲೆಯ ಹೆಸರು ಹೇಳಿ, ಪೆಟ್ಟಿಗೆಯನ್ನೂ ಅವಳಿಗೇ ಕೊಟ್ಟರು. ಸೋಮವಾರ ಸಾಹೇಬರ ಮುಂದೆ ಒಂದು ತೆನೆ ಬರೆದು ತೋರಿಸಿದರೆ ಕೆಲಸ.

ಕರಿ ತಗಡಿನ ಪೆಟ್ಟಿಗೆ. ಮೇಷ್ಟ್ರ ಗುರುಗಳ ಕಾಲದ್ದಂತೆ, ಹಡಗಿನಲ್ಲಿ ಬಂದದ್ದಂತೆ. ಬಣ್ಣದ ಬಿಲ್ಲೆಗಳ ಮೇಲೆ ಒತ್ತಿದ್ದ ಅಕ್ಷರ ಸವೆದು, ನಡುವೆ ಒರಳಿನ ಹಾಗೆ ಗುಳಿ ಬಿದ್ದಿತ್ತು. ಅದರಲ್ಲೊಂದು ಹಳದಿ — ಮಾವಿನೆಲೆ ತಿನ್ನಿಸಿದ ಹಸುವಿನ ಗಂಜಲದಿಂದ ಮಾಡಿದ್ದು, ಈಗ ಯಾರೂ ಮಾಡುವುದಿಲ್ಲ ಅಂದಿದ್ದಳು ಸುಶೀಲೆ. ನಾನು ನಂಬಿರಲಿಲ್ಲ. ಆದರೆ ಅವಳು ಅದನ್ನು ತೆನೆಯ ಚಿತ್ರಕ್ಕೆ ಹಚ್ಚಿದಾಗ — ಗದ್ದೆಯೇ ಕಾಗದಕ್ಕೆ ಬಂದಂತಿತ್ತು. ಮುಟ್ಟಿ ನೋಡಲು ಕೈ ಚಾಚಿದೆ.

"ಬೂದಿ ಕೈಲಿ ಮುಟ್ಬ್ಯಾಡಿ ಅತ್ಗೆ."

ತಲೆ ಎತ್ತದೆ ಅಂದಳು, ಅಷ್ಟೇ. ಬೈದದ್ದಲ್ಲ. ಮನೆಮಂದಿಯ ಪಾತ್ರೆ ತಿಕ್ಕಿ ಬೂದಿಯಾದ ಕೈ ಅದು — ಅವಳು ಉಂಡ ತಟ್ಟೆಯೂ ಆ ಪಾತ್ರೆಗಳಲ್ಲಿತ್ತು.

ಭಾನುವಾರ ಅವಳು ಹೊಸ ತೆನೆ ತರಲು ಗದ್ದೆಗೆ ಹೋದಳು. ಪೆಟ್ಟಿಗೆಯನ್ನು ಬಚ್ಚಲ ಕಲ್ಲಿನ ಮೇಲಿಟ್ಟೆ. ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಮೊದಲು ಹಳದಿಯನ್ನೇ ಹಿಡಿದೆ. ಪೂರ್ತಿ ಕರಗುವ ತನಕ ಬಿಡಲಿಲ್ಲ. ಎಲ್ಲ ಬಣ್ಣವೂ ಸೇರಿ ಮೋರಿಯಲ್ಲಿ ಕೆಸರಿನಂತೆ ಹರಿಯಿತು. ತಗಡು ಮಾತ್ರ ಫಳಫಳ ಹೊಳೆಯಿತು. ಕೈಗೆ ಹತ್ತಿದ್ದ ಹಳದಿಯನ್ನು ನೋಡಿದವರು ಅರಿಸಿನ ಅಂದುಕೊಂಡರು.

ಅತ್ತೆ ಬೈಯಲು ಬಂದರು. ಕೊಳೆ ಕೂತಿತ್ತು, ಅದಕ್ಕೇ ತೊಳೆದೆ ಅಂದೆ. ಸುಶೀಲೆ ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಆದರೂ ಅವಳೇ ಅಡ್ಡ ಬಂದಳು.

"ಬುಡವ್ವ, ಅತ್ಗೆಗೇನ್ ಗೊತ್ತು ಪಾಪ."

ಆ ಒಂದು ಮಾತಿನ ಹಿಂದೆ ಇಷ್ಟು ವರ್ಷ ಬಚ್ಚಿಟ್ಟುಕೊಂಡೆ.

ಮೇಷ್ಟ್ರಿಗೆ ಹೇಗೆ ಮುಖ ತೋರಿಸಲಿ ಎಂದು ಅವಳು ಫಾರಂಗೆ ಹೋಗಲೇ ಇಲ್ಲ. ಮುಂದಿನ ವರ್ಷ ಸೋಮನಹಳ್ಳಿಗೆ ಮದುವೆಯಾಗಿ ಹೋದಳು. ಮತ್ತೆ ಕುಂಚ ಹಿಡಿದದ್ದನ್ನು ನಾನು ಕಾಣೆ. ಹೋದ ತಿಂಗಳು ನಾಮಕರಣದ ಮನೆಯಲ್ಲಿ ಈ ಕತೆ ಹೇಳಿ ಎಲ್ಲರನ್ನೂ ನಗಿಸಿದವಳೂ ಅವಳೇ. ನಾನೂ ನಕ್ಕೆ. ಆ ನಗು — ಇನ್ನು ನನ್ನ ಕೈಲಾಗದು. ಸುಶೀಲಾ, ನನಗೆ ಗೊತ್ತಿತ್ತು.

ಆ ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊರಡಬೇಕಾದ ಹೊತ್ತಿಗೆ, ಅವಳು ಬಚ್ಚಲಿಗೆ ಬಂದು ಪಾತ್ರೆ ತಿಕ್ಕುತ್ತಿದ್ದ ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ನಾನು ಮುಖ ನೋಡಲಿಲ್ಲ. ಅರ್ಧ ಪಾತ್ರೆಗಳನ್ನು ಅವಳ ಕಡೆ ತಳ್ಳಿದೆ. ಬೂದಿ ತುಂಬಿದ ಚಿಪ್ಪನ್ನೂ.