ಇಜಿನೊ ಅರ್ಧ ಬೆಟ್ಟ ಹತ್ತಿದ್ದು

ಇಜಿನೊ ಬುಸೆತ್ತೊ ವೆನಿಸ್ಸಿನಲ್ಲಿ ಮೂವತ್ತೊಂಬತ್ತು ವರ್ಷ ಕೈಗಾಡಿ ಎಳೆದವನು. ಕಾಲುವೆಯ ದಡಕ್ಕೆ ಸರಕಿನ ದೋಣಿ ಬಂದು ನಿಂತಿತೆಂದರೆ ಹೋಟೆಲಿನ ಹಾಸಿಗೆ, ವೈನಿನ ಪೆಟ್ಟಿಗೆ, ಒಮ್ಮೆ ಒಂದು ಪಿಯಾನೊ, ಇನ್ನೊಮ್ಮೆ ಅದರಷ್ಟೇ ತೂಕದ ಯಾವುದೋ ಬಿಷಪ್ಪರ ಅಮೃತಶಿಲೆಯ ತಲೆ, ಎಲ್ಲವೂ ಅವನ ಗಾಡಿಯಲ್ಲೇ ಸೇತುವೆ ಹತ್ತಿ ಇಳಿಯಬೇಕಿತ್ತು. "ಕಾಲು! ಕಾಲು ನೋಡ್ಕೊಳ್ಳಿ!" ಎಂದು ಕೂಗುವುದು ಕಸುಬಿನ ಪದ್ಧತಿ. ಕೂಗಿದ ಮೇಲೂ ಫೋಟೊ ತೆಗೆಯುತ್ತಾ ನಿಂತವರ ಹಿಮ್ಮಡಿಗೆ ಮೆಲ್ಲಗೆ ಚಕ್ರ ತಾಗಿಸುವುದು ಅವನ ಖಾಸಗಿ ಸಂತೋಷ.

ದಿನಕ್ಕೆ ನಲವತ್ತು ಸೇತುವೆ ಹತ್ತಿಳಿದ ಕಾಲುಗಳ ಬಗ್ಗೆ ಅವನಿಗೆ ವಿಪರೀತ ಜಂಬ. ಬಾರಿನಲ್ಲಿ ಎರಡು ಲೋಟ ವೈನು ಒಳಗೆ ಹೋದರೆ ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸುತ್ತಿದ್ದ. "ಮುಟ್ಟಿ ನೋಡಿ. ಕಬ್ಬಿಣ." ಹೆಂಡತಿ ನೊರ್ಮಾಳನ್ನು ಬಿಟ್ಟು ಬಡಾವಣೆಯವರೆಲ್ಲ ಮುಟ್ಟಿ ನೋಡಿಯಾಗಿತ್ತು.

ನೊರ್ಮಾ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದವಳು. ಆ ವರ್ಷ ನಿವೃತ್ತಿಯಾಯಿತು. ಜೂನಿನಲ್ಲಿ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಆಗಸ್ಟಿನಲ್ಲಿ ಐದು ದಿನ ಡೊಲೊಮೈಟ್ ಬೆಟ್ಟಗಳಲ್ಲಿ ನಡಿಗೆ, ಮುಂದಾಳು ಪಾದ್ರಿ ದೊನ್ ಫ್ಲೊರಿಯಾನೊ. ಈ ದೊನ್ ಫ್ಲೊರಿಯಾನೊ ಬೆಟ್ಟದ ಸೀಮೆಯವರು, ವಯಸ್ಸು ಮೂವತ್ತನಾಲ್ಕು. ನೀರಿನ ಊರಿಗೆ ವರ್ಗವಾಗಿ ಬಂದದ್ದು ಯಾವ ಪಾಪಕ್ಕೆ ಶಿಕ್ಷೆಯೆಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಅವರ ಭಾನುವಾರದ ಪ್ರಸಂಗದಲ್ಲಿ ಏಸುವಿಗಿಂತ ಬೆಟ್ಟಗಳೇ ಹೆಚ್ಚು ಸಲ ಬರುತ್ತಿದ್ದವು.

"ಬೆಟ್ಟವೇ? ನಿನಗೇನು ತಲೆ ಕೆಟ್ಟಿದೆಯಾ?" ಅಂದ ಇಜಿನೊ.

"ಆಗಸ್ಟಲ್ಲಿ ಈ ಕಾಲುವೆ ನಾರೋದನ್ನ ಐವತ್ತೆಂಟು ವರ್ಷ ಮೂಸಿದ್ದೀನಿ. ಸಾಕು. ಇಬ್ಬರ ಹೆಸರೂ ಬರೆಸಿ ಬಂದಿದ್ದೀನಿ. ಬಂದ್ರೆ ಬಾ, ಇಲ್ಲಾಂದ್ರೆ ಇಲ್ಲೇ ಬಿದ್ದಿರು."

"ಬರ್ತೀನಿ. ನಿನ್ನನ್ನ, ಆ ಪಾದ್ರಿನ, ಇಬ್ಬರನ್ನೂ ಹೊತ್ಕೊಂಡು ಬರೋಕೆ ಒಬ್ಬ ಬೇಕಲ್ಲ."

ಹೊರಟ ದಿನ ಬಸ್ಸಿನ ಹತ್ತಿರ ಹನ್ನೊಂದು ಜನ ಸೇರಿದರು. ದೊನ್ ಫ್ಲೊರಿಯಾನೊ ಚಡ್ಡಿ ಹಾಕಿಕೊಂಡು ಬಂದರು. ಪಾದ್ರಿಗಳಿಗೂ ಮಂಡಿ ಇರುತ್ತದೆಂದು ಭಕ್ತರಿಗೆ ತಿಳಿದದ್ದು ಅಂದೇ. ಇಜಿನೊ ಮಾತ್ರ ಕೆಲಸದ ಹಳೇ ಬೂಟಿನಲ್ಲೇ ಬಂದಿದ್ದ.

ಮೊದಲ ದಿನ ಅವನದೇ ದರ್ಬಾರು. ಮೂರು ಗಂಟೆಯ ಏರನ್ನು ಶಿಳ್ಳೆ ಹಾಕಿಕೊಂಡು ಹತ್ತಿದ. ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ ಜರ್ಮನರಿಗೆ "ಕಾಲು! ಕಾಲು!" ಎಂದು ಗದರಿಸಿದ. ರಾತ್ರಿ ತಂಗಬೇಕಿದ್ದ ಬೆಟ್ಟದ ಮನೆಗೆ ಎಲ್ಲರಿಗಿಂತ ಮುಂಚೆ ಮುಟ್ಟಿ, ಏದುಸಿರು ಬಿಡುತ್ತಾ ಬಂದ ಪಾದ್ರಿಯನ್ನು ಬಾಗಿಲಲ್ಲೇ ನಿಂತು ಸ್ವಾಗತಿಸಿದ. "ಬನ್ನಿ ಪಾದ್ರಿಗಳೇ. ಇದನ್ನೇನಾ ನೀವು ಬೆಟ್ಟ ಅನ್ನೋದು? ಇಳಿಯೋದು ಮರೆತುಹೋದ ಸೇತುವೆ, ಅಷ್ಟೇ!"

ಎರಡನೇ ದಿನ ಬೆಳಿಗ್ಗೆ ದಾರಿ ಒಂದು ದೊಡ್ಡ ಬಂಡೆಯ ಪಕ್ಕೆಗೆ ಬಂತು. ಬಂಡೆಯನ್ನು ಕೊರೆದು ಎರಡಡಿ ಅಗಲದ ಹಾದಿ ಮಾಡಿ, ಹಿಡಿದುಕೊಳ್ಳಲು ಉಕ್ಕಿನ ಹಗ್ಗ ಬಿಗಿದಿದ್ದರು. "ನಮ್ಮ ಮನೆ ಓಣಿ ಇದಕ್ಕಿಂತ ಕಿರಿದು," ಎನ್ನುತ್ತಾ ಇಜಿನೊ ಮುಂದೆ ಹೋದ. ಆರು ಹೆಜ್ಜೆ ಇಟ್ಟ. ಆಮೇಲೆ ಎಡಕ್ಕೆ ನೋಡಿದ. ಎಡಕ್ಕೆ ಏನೂ ಇರಲಿಲ್ಲ. ಎಷ್ಟೋ ಕೆಳಗೆ ಬಿಳೀ ಕಲ್ಲಿನ ರಾಶಿ, ಅದರ ಪಕ್ಕ ದಾರದೆಳೆಯಂಥ ಹೊಳೆ. ಈ ಓಣಿಗೆ ಎರಡನೇ ಗೋಡೆ ಕಟ್ಟುವುದನ್ನೇ ಮರೆತಿದ್ದರು.

ಕಬ್ಬಿಣದ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ.

"ಬಾ ಮಗನೇ," ಎಂದು ಆಗಲೇ ದಾಟಿ ನಿಂತಿದ್ದ ಪಾದ್ರಿ ಆ ಕಡೆಯಿಂದ ಕರೆದರು, ತಮಗಿಂತ ಇಪ್ಪತ್ತೈದು ವರ್ಷ ದೊಡ್ಡವನನ್ನು. "ಹೆದರಬೇಡ. ದೇವರು ಪಕ್ಕದಲ್ಲೇ ಇದ್ದಾನೆ."

"ಇಲ್ಲಿ ಒಬ್ಬನಿಗೇ ಜಾಗ ಇಲ್ಲ, ಅವನನ್ನ ಎಲ್ಲಿ ನಿಲ್ಲಿಸಲಿ?" ಅಂದ ಇಜಿನೊ. ಧ್ವನಿ ಮಾತ್ರ ಅವನದಾಗಿರಲಿಲ್ಲ.

ಹಿಂದೆ ನಿಂತಿದ್ದ ನೊರ್ಮಾ ಅವನ ಚೀಲದ ಪಟ್ಟಿ ಹಿಡಿದು, ಹೆಜ್ಜೆ ಹೆಜ್ಜೆಗೂ ಹೇಳಿಕೊಡುತ್ತಾ ಆರು ಹೆಜ್ಜೆ ಹಿಂದಕ್ಕೆ ತಂದು ಹುಲ್ಲಿನ ಮೇಲೆ ಕೂರಿಸಿದಳು. ಉಳಿದವರು ಒಬ್ಬೊಬ್ಬರಾಗಿ ದಾಟಿದರು.

"ಇನ್ನೊಂದು ಸಲ ನೋಡ್ತೀಯಾ?"

"ಆಗಲ್ಲ ನೊರ್ಮಾ."

ಅವಳು ಬಂಡೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಸರಿ. ನಿನ್ನೆ ರಾತ್ರಿ ತಂಗಿದ್ದ ಮನೆಗೇ ವಾಪಸ್ ಹೋಗು. ಸುತ್ತು ಹಾಕ್ಕೊಂಡು ಗುರುವಾರ ನಾವೂ ಅಲ್ಲಿಗೇ ಬರ್ತೀವಿ. ಹೊತ್ತು ಹೊತ್ತಿಗೆ ಊಟ ಮಾಡು."

ಹಗ್ಗ ಹಿಡಿದು ಹೊರಟೇಬಿಟ್ಟಳು. ಮೂವತ್ಮೂರು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಬಿಟ್ಟು ಮುಂದೆ ಹೋದದ್ದು ಅದೇ ಮೊದಲು. ತಿರುವಿನಲ್ಲಿ ತಿರುಗಿ ನೋಡುತ್ತಾಳೆಂದು ಇಜಿನೊ ಕಾದ. ನೋಡಲಿಲ್ಲ. ಅಷ್ಟರಲ್ಲಿ ಯಾವುದೋ ಊರಿನ ಅಜ್ಜಿಯೊಬ್ಬಳು ನಾಯಿ ಸಮೇತ ಬಂದು, ಅವನಿಗೆ ನಮಸ್ಕಾರ ಹೇಳಿ, ನಾಯಿ ಸಮೇತ ದಾಟಿಕೊಂಡು ಹೋದಳು.

ಬೆಟ್ಟದ ಮನೆ ನೋಡಿಕೊಳ್ಳುತ್ತಿದ್ದವಳು ಎಪ್ಪತ್ತರ ಮುದುಕಿ. ಹೆಸರು ಅಮಾಬಿಲೆ, ಅಂದರೆ ಅಕ್ಕರೆಯವಳು. ಹೆಸರಿಟ್ಟವರು ಕೂಸಿನ ಮುಖ ಸರಿಯಾಗಿ ನೋಡಿರಲಿಲ್ಲ.

"ಹೆದರಿಕೊಂಡು ವಾಪಸ್ ಬಂದ್ಯಾ?"

"ಮಂಡಿ ನೋವು."

"ಹೌದೌದು. ವಾರಕ್ಕೆ ನಾಲ್ಕು ಜನಕ್ಕೆ ಬರುತ್ತೆ. ಎಲ್ಲರಿಗೂ ಆ ಬಂಡೆ ಹತ್ರಾನೇ ಬರುತ್ತೆ."

ಇಜಿನೊ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತ. ಕಣಿವೆಯಿಂದ ಸಾಮಾನು ತಂತಿಯ ಮೇಲೆ ಜಾರುವ ತೊಟ್ಟಿಲಿನಲ್ಲಿ ಮೇಲೆ ಬರುತ್ತಿತ್ತು. ಅದು ಬಂದು ನಿಲ್ಲುವ ಜಾಗದಿಂದ ಅಡುಗೆಮನೆಗೆ ಅರವತ್ತು ಕಲ್ಲಿನ ಮೆಟ್ಟಿಲು. ಅಮಾಬಿಲೆ ಬಿಯರಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರುತ್ತಿದ್ದಳು, ಅದೂ ಹೊಟ್ಟೆಗೆ ಒತ್ತಿಕೊಂಡು. ಅವನು ನೋಡಿದ. ಮೂರನೇ ಪೆಟ್ಟಿಗೆಗೆ ತಡೆದುಕೊಳ್ಳಲಾಗಲಿಲ್ಲ.

"ಹಾಗಲ್ಲ ಕಣಮ್ಮಾ! ಬೆನ್ನಿನ ಮೇಲೆ! ಯಾರು ಕಲಿಸಿದ್ದು ನಿಮಗೆ?"

"ನನ್ನ ಗಂಡ. ಸತ್ತುಹೋದ."

"ಸಾಯದೆ ಇನ್ನೇನು, ಹೀಗೆ ಹೊತ್ರೆ?"

ಅಮಾಬಿಲೆ ಪೆಟ್ಟಿಗೆ ಕೆಳಗಿಟ್ಟು, ಮೊದಲ ಸಲ ನಕ್ಕಳು.

ಆಮೇಲೆ ಮೂರು ದಿನ ಇಜಿನೊ ಅಲ್ಲಿನ ಹಮಾಲಿ. ಬಿಯರು, ಹಿಟ್ಟು, ಗ್ಯಾಸ್ ಸಿಲಿಂಡರು ಹೊತ್ತ. ಆಲೂಗಡ್ಡೆ ಹೆರೆದ. ತಾಮ್ರದ ಹಂಡೆಯಲ್ಲಿ ಜೋಳದ ಹಿಟ್ಟಿನ ಪೊಲೆಂತಾ ತಿರುವಿದ, ತಿರುವಿದ್ದು ಸರಿಯಿಲ್ಲವೆಂದು ಬೈಸಿಕೊಂಡ. ಬೆಟ್ಟದವರಿಗೆ ಮೀನೆಂದರೆ ಡಬ್ಬಿಯಲ್ಲಿ ಹುಟ್ಟುವ ಪ್ರಾಣಿ ಅಂದ. ಅದಕ್ಕೂ ಬೈಸಿಕೊಂಡ. ಬುಧವಾರ ಸಂಜೆ ಆಲೂಗಡ್ಡೆ ಹೆರೆಯುತ್ತಾ, ಯಾರೂ ಕೇಳದೆಯೇ ಹೇಳಿದ: "ಮಂಡಿ ನೋವಲ್ಲ. ಹೆದರಿಕೆ ಆಯ್ತು. ಇಷ್ಟು ವರ್ಷದಲ್ಲಿ ಒಂದು ಸಲಾನೂ ಹಾಗೆ ಆಗಿರಲಿಲ್ಲ."

"ಮದುವೆಯಾದ ಹೊಸದರಲ್ಲಿ ನಿಮ್ಮೂರಿಗೆ ಬಂದಿದ್ದೆ," ಅಂದಳು ಅಮಾಬಿಲೆ. "ದೋಣಿ ಹತ್ತಿ ಎರಡು ನಿಮಿಷಕ್ಕೆ ಗಂಡನ ಹೊಸ ಕೋಟಿನ ಮೇಲೆ ವಾಂತಿ ಮಾಡಿದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಸಿಪ್ಪೆ ತೆಳ್ಳಗೆ ತೆಗಿ, ಅರ್ಧ ಆಲೂಗಡ್ಡೆ ಹಂದಿಗೆ ಹೋಗ್ತಿದೆ."

ಗುರುವಾರ ಮಧ್ಯಾಹ್ನ ನೊರ್ಮಾ ಬಂದಳು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು, ಕೂದಲಲ್ಲಿ ಹುಲ್ಲು. ಅವಳಿಗಿಂತ ಬಹಳ ಹಿಂದೆ ದೊನ್ ಫ್ಲೊರಿಯಾನೊ ಕಾಲಿನ ಬೊಬ್ಬೆಗಳನ್ನು ಎಣಿಸುವವರಂತೆ ಕುಂಟುತ್ತಾ ಬರುತ್ತಿದ್ದರು. ಅವಳು ಮೂರು ತಟ್ಟೆ ಪೊಲೆಂತಾ ತಿಂದು, ಆಮೇಲೆ ಬಾಯಿ ಬಿಟ್ಟಳು.

"ನಾನು ಬಿಟ್ಟುಹೋದೆ ಅಂತ ಬೇಜಾರಾಯ್ತಾ?"

"ಆಯ್ತು."

"ನನಗೂ ಆಯ್ತು. ಆ ತಿರುವಿನ ತನಕ. ಆಮೇಲೆ ಮರೆತೇಹೋಯ್ತು."

"ಅಂಥದ್ದೇನಿತ್ತು ಆ ಕಡೆ?"

"ಒಂದು ಕಲ್ಲಿನ ಮೇಲೆ ಒಂದು ಗಂಟೆ ಸುಮ್ಮನೆ ಕೂತಿದ್ದೆ ಇಜಿನೊ. ಯಾರಿಗೂ ಹಸಿವಾಗಿರಲಿಲ್ಲ."

ಇಜಿನೊ ಎದ್ದು ಅವಳ ತಟ್ಟೆ ತೊಳೆದ. ಮದುವೆಯಾದ ಮೇಲೆ ಅದೂ ಮೊದಲ ಸಲ.

ಊರಿಗೆ ಬಂದ ಭಾನುವಾರ ದೊನ್ ಫ್ಲೊರಿಯಾನೊ ಹೆಸರು ಹೇಳದೆ, ನಂಬಿಕೆ ಸಾಲದೆ ಅರ್ಧ ದಾರಿಯಲ್ಲಿ ನಿಂತ ಮನುಷ್ಯನ ಬಗ್ಗೆ ಪ್ರಸಂಗ ಮಾಡಿದರು. ಇಡೀ ಚರ್ಚು ಇಜಿನೊನ ಕಡೆ ತಿರುಗಿತು. "ಬೊಬ್ಬೆ ಎದ್ದವರ ಕಥೆಯನ್ನೂ ಹೇಳಿ ಪಾದ್ರಿಗಳೇ," ಅಂದ ಅವನು ಕೂತಲ್ಲಿಂದಲೇ. ಆ ದಿನದ ಪೂಜೆ ಬೇಗ ಮುಗಿಯಿತು.

ಇದಾಗಿ ಎಂಟು ವರ್ಷ. ಆ ಪಾದ್ರಿಗೆ ಕೊನೆಗೂ ಬೆಟ್ಟದ ಸೀಮೆಗೆ ವರ್ಗವಾಯಿತು. ನೊರ್ಮಾ ಈಗ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಪ್ರತಿ ಆಗಸ್ಟಿನಲ್ಲಿ ಆ ಬಂಡೆ ದಾಟುತ್ತಾಳೆ. ಇಜಿನೊ ಅವಳಿಗಿಂತ ಒಂದು ವಾರ ಮುಂಚೆಯೇ ಬೆಟ್ಟದ ಮನೆಗೆ ಹೊರಡುತ್ತಾನೆ. ಅಮಾಬಿಲೆಗೆ ಈಗ ಎದ್ದು ಓಡಾಡುವುದು ಕಷ್ಟ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಬೈಯುತ್ತಾಳೆ, ಅವನು ಎದುರುತ್ತರ ಕೊಡುತ್ತಾ ಹಂಡೆ ತಿರುವುತ್ತಾನೆ.