ರತ್ನಗಂಬಳಿಯ ಮುಂದೆ ಬಿಚ್ಚಿದ ಬೂಟು

ಸಿಂಧನೂರಿನ ಆ ಕ್ಲಬ್ಬಿನ ಬಾಗಿಲಲ್ಲಿ ಹಾಸಿದ್ದ ರತ್ನಗಂಬಳಿ ಕೆಂಪಗಿತ್ತೆಂದು ನನ್ನ ನೆನಪು. ಅಕ್ಕ ಹಸಿರು ಅನ್ನುತ್ತಾಳೆ. ಮೊನ್ನೆ ಖಾತ್ರಿ ಮಾಡಿಕೊಳ್ಳಲೆಂದೇ ಹೋದರೆ ಅಲ್ಲೀಗ ಬರೀ ಟೈಲ್ಸ್. ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ.

ಅಂದು ಅಲ್ಲಿ ಅಕ್ಕನ ಮಗಳ ಮೊದಲ ಭರತನಾಟ್ಯ. ಮಸ್ಕಿಯಲ್ಲಿ ಅಪ್ಪನ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲೇ ತಾಲೀಮು ಮಾಡಿ ಬೆಳೆದವಳು. ಅಜ್ಜ ಮುಂದಿನ ಸಾಲಿನಲ್ಲಿ ಕೂತಿರಬೇಕೆಂದು ಮಾತು ತೆಗೆದುಕೊಂಡಿದ್ದಳು. ಆ ಕ್ಲಬ್ಬಿನಲ್ಲಿ ಲುಂಗಿ, ಚಪ್ಪಲಿ ನಡೆಯುವುದಿಲ್ಲ. ನಾನು ಫೋನ್ ಮಾಡಿ ವಿಚಾರಿಸಿದೆ. ಧೋತರ ನಡೆಯುತ್ತದೆ, ಬೂಟು ಮಾತ್ರ ಬೇಕೇ ಬೇಕು ಎಂದರು. ಲಿಂಗಸುಗೂರಿನಲ್ಲಿ ಒಂದು ಜೊತೆ ಕಪ್ಪು ಬೂಟು ಕೊಂಡು ಮಸ್ಕಿಗೆ ಒಯ್ದೆ.

"ಧೋತ್ರದ ಕೆಳಗ ಬೂಟು. ಲಗ್ನದಾಗ ಬ್ಯಾಂಡ್ ಬಾರಿಸೋರಂಗ ಕಾಣ್ತೀನಲೇ," ಎಂದು ಅಪ್ಪ ನಕ್ಕ. ಆದರೂ ಹಾಕಿಕೊಂಡು ಅಂಗಡಿಯ ಮುಂದೆ ಎರಡು ಸುತ್ತು ನಡೆದು ನೋಡಿದ.

ಕ್ಲಬ್ಬಿನ ಬಾಗಿಲವರೆಗೆ ಎಲ್ಲ ಸರಿಯಿತ್ತು. ರತ್ನಗಂಬಳಿ ಕಂಡದ್ದೇ ಅಪ್ಪ ನಿಂತ. ಬಗ್ಗಿ ಬೂಟು ಬಿಚ್ಚಿ ಗೋಡೆಯ ಪಕ್ಕ ಜೋಡಿಸಿಟ್ಟ. ನಮ್ಮ ಅಂಗಡಿಯಲ್ಲಿ ಗಾದಿ, ಅದರ ಮೇಲೆ ಬಿಳಿ ಹಾಸು. ಗಿರಾಕಿ ಎಷ್ಟೇ ದೊಡ್ಡವನಿರಲಿ, ಕಾಲಲ್ಲಿದ್ದದ್ದನ್ನು ಕೆಳಗೆ ಬಿಟ್ಟೇ ಮೇಲೆ ಬರಬೇಕು. ಹಾಸಿದ್ದನ್ನು ಮೆಟ್ಟು ಹಾಕಿದ ಕಾಲಲ್ಲಿ ತುಳಿಯುವುದು ಅಪ್ಪನಿಗೆ ಗೊತ್ತೇ ಇಲ್ಲ.

ಕಾವಲುಗಾರ ಕೈ ಅಡ್ಡ ಇಟ್ಟ. "ಯಜಮಾನ್ರ, ಬೂಟು ಹಾಕ್ಕೊಂಡು ಬರ್ರಿ."

"ಇಷ್ಟು ಚಂದ ಹಾಸೀರಿ. ಇದರ ಮ್ಯಾಲೆ ಬೂಟು ಇಡ್ಲೇನು?"

"ತುಳೀಲಿ ಅಂತನ ಹಾಸೀವ್ರಿ."

"ಹಂಗಾದ್ರ ಬರಿಗಾಲಿಲೆ ತುಳೀತೀನಿ, ಸರಿ."

ಒಳಗೆ ಗೆಜ್ಜೆಯ ಸದ್ದು ಕೇಳಿಸುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಅಪ್ಪಾ, ಸುಮ್ನ ಹಾಕ್ಕೋ. ಹುಡುಗಿ ದಾರಿ ನೋಡಾಕತ್ತಾಳ."

"ಆಕಿನ್ನ ನೋಡದ ನಾ ಹೋಗೂದಿಲ್ಲ. ಹಾಸಿದ್ದರ ಮ್ಯಾಲೆ ಬೂಟು ಇಡೂದೂ ಇಲ್ಲ."

ಮ್ಯಾನೇಜರ್ ಬಂದರು. ನಿಯಮ ಎಲ್ಲರಿಗೂ ಒಂದೇ ಎಂದು ನಯವಾಗಿಯೇ ಹೇಳಿದರು. ಅರ್ಧ ತೆರೆದ ಬಾಗಿಲಿನಿಂದ ವೇದಿಕೆ ಕಾಣುತ್ತಿತ್ತು. ಹುಡುಗಿ ಗೆಜ್ಜೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಅಪ್ಪ ಕೈ ಮಾಡಿ ತೋರಿಸಿದ. "ಅಲ್ಲಿ ನೋಡ್ರಿ, ಆಕಿ ಕಾಲಾಗ ಬೂಟು ಅದಾವೇನ್ರಿ?"

"ಆಕಿ ಕುಣಿಯಾಕಿ, ಯಜಮಾನ್ರ."

"ನಾ ಆಕಿ ಅಜ್ಜ."

ಮ್ಯಾನೇಜರ್ ನಕ್ಕರೆಂದು ನನ್ನ ನೆನಪು. ಅಕ್ಕನ ಪ್ರಕಾರ ನಗಲೇ ಇಲ್ಲ. ಹಿಂದೆ ಮಂದಿ ನಿಂತಿದ್ದರು, ಮ್ಯಾನೇಜರಿಗೆ ಬೇಸರ ಬಂದಿತ್ತು, ಅಷ್ಟೇ. ಅವರು ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. "ಬೂಟು ಹೊರಗ ಬಿಡಬ್ಯಾಡ್ರಿ. ಕೈಯಾಗ ಹಿಡ್ಕೊಂಡು ಹೋಗ್ರಿ. ಯಾರರ ಕೇಳಿದ್ರ ತೋರಿಸ್ರಿ."

ಅಪ್ಪ ಬೂಟನ್ನು ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿ, ಮುಂದಿನ ಸಾಲಿಗೆ ಹೋಗಿ, ತೊಡೆಯ ಮೇಲಿಟ್ಟುಕೊಂಡು ಕೂತ. ಯಾರೂ ಕೇಳಲಿಲ್ಲ.

ಮೊದಲ ನಮಸ್ಕಾರಕ್ಕೆ ಬಗ್ಗಿದಾಗ ಅಷ್ಟು ಬೂಟುಗಳ ನಡುವೆ ಅಜ್ಜನ ಬರಿಗಾಲು ಕಂಡವು, ಆಮೇಲೆ ಹೆದರಿಕೆ ಹೋಯಿತು ಎಂದು ಹುಡುಗಿ ಈಗಲೂ ಹೇಳುತ್ತಾಳೆ. ವೇದಿಕೆಯ ದೀಪ ಕಣ್ಣಿಗೆ ಹೊಡೆಯುವಾಗ ಕತ್ತಲಲ್ಲಿದ್ದ ಕಾಲು ಕಾಣುವುದು ಸಾಧ್ಯವೇ ಇಲ್ಲ ಎಂದು ಎಷ್ಟೋ ಸಲ ವಾದಿಸಿದ್ದೇನೆ. ಆಕೆ ಜಗ್ಗುವುದಿಲ್ಲ.

"ಮಾಮಾ, ನೀ ಹಿಂದ ಕೂತಿದ್ದಿ," ಅನ್ನುತ್ತಾಳೆ. "ಬೂಟು ಹಾಕ್ಕೊಂಡು."